ದಿನಕ್ಕೆ ಹತ್ತು ಬೆಳಗು

"ಗುರುಗಳೇ, ಮಾತಾಡಿ ಮಾತಾಡಿ ನನಗೆ ಸಾಕಾಗಿದೆ. ನಾನು ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ಹದಿನಾಲ್ಕು ವರ್ಷಗಳಿಂದ ಅವನು ಮಠದ ಪರವಾಗಿ ಊರೂರು ತಿರುಗಿ ಪ್ರವಚನ ಹೇಳುತ್ತಿದ್ದ. ಮದುವೆಗೂ ಅವನೇ, ಗೃಹಪ್ರವೇಶಕ್ಕೂ ಅವನೇ, ಸಾವಿನ ಮನೆಗೂ ಅವನೇ. ಮೊನ್ನೆ ಒಂದು ಊರಿನಲ್ಲಿ ಎದ್ದು ನಿಂತಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಹಾಡಿದ್ದೇ ಹಾಡೋ ಕಿಸಬಾಯಿದಾಸ, ಇವತ್ತು ಅದೂ ಇಲ್ಲ" ಎಂದು ನಕ್ಕರು. ಅವನಿಗೆ ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದ. ನಾಳೆ ಮತ್ತೊಂದು ಊರಿಗೆ ಹೋಗಬೇಕಿತ್ತು. ಹೋಗಲಾರೆ ಎಂದರೆ ಮಠವನ್ನೇ ಬಿಡಬೇಕಾದೀತೆಂದು ಅಂಜಿ ಬಂದು ಕುಳಿತಿದ್ದ.

ಗುರುಗಳು ಬತ್ತಿ ಹೊಸೆಯುತ್ತಲೇ ಹೇಳತೊಡಗಿದರು.

ಕಾಡಿನಲ್ಲಿ ಶಾಮ ಎಂಬ ಹಕ್ಕಿಯಿದೆ. ಕರಿ ಮೈ, ಕಾವಿ ಹೊಟ್ಟೆ, ಉದ್ದ ಬಾಲ. ಬಿದಿರ ಮೆಳೆಯಲ್ಲಿ ಅದರ ವಾಸ. ಬೆಳಕು ಹರಿಯುವಾಗ ಹಾಡುತ್ತದೆ, ಹೊತ್ತು ಮುಳುಗುವಾಗ ಹಾಡುತ್ತದೆ. ಬೇರೆ ಹಕ್ಕಿಗಳ ದನಿಯನ್ನೂ ಕದ್ದು ತನ್ನ ಹಾಡಿಗೆ ಸೇರಿಸಿಕೊಳ್ಳುವ ಚತುರ. ನಡುವಿನ ಹಗಲೆಲ್ಲ ತರಗೆಲೆ ಕೆದಕಿ ಹುಳ ಹೆಕ್ಕುತ್ತ ತನ್ನ ಪಾಡಿಗೆ ತಾನಿರುತ್ತದೆ.

ಒಬ್ಬ ವರ್ತಕ ಬೇಡನಿಂದ ಅಂಥದೊಂದು ಹಕ್ಕಿಯನ್ನು ತರಿಸಿಕೊಂಡ. ಪಂಜರಕ್ಕೆ ಬಟ್ಟೆ ಮುಚ್ಚಿದರೆ ಒಳಗೆ ಕತ್ತಲು. ಎತ್ತಿದರೆ ಹಕ್ಕಿ ಬೆಳಗಾಯಿತೆಂದು ಹಾಡುತ್ತಿತ್ತು. ಇದು ತಿಳಿದದ್ದೇ ತಡ, ಮನೆಗೆ ಯಾರು ಬಂದರೂ ವರ್ತಕ ಬಟ್ಟೆ ಎತ್ತಿದ. ಬೀಗರು ಬಂದರೆ ಒಂದು ಬೆಳಗು, ನೆರೆಯವರು ಬಂದರೆ ಇನ್ನೊಂದು. ದಿನಕ್ಕೆ ಹತ್ತು ಬೆಳಗಾದವು. ಹಾಡು ಮುಗಿದೊಡನೆ ಬಟ್ಟೆ ಇಳಿಯುತ್ತಿತ್ತು. ವರ್ತಕ ಕೆಟ್ಟವನೇನಲ್ಲ, ಹಕ್ಕಿಗೆ ಹೊಟ್ಟೆತುಂಬ ಹುಳ ಹಾಕಿಸುತ್ತಿದ್ದ. ಬಂದವರು ತಲೆದೂಗಿದ್ದನ್ನು ಕಂಡು ಹಕ್ಕಿಯೂ ಸುಖವಾಗಿದೆ ಎಂದುಕೊಂಡ.

ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಿ ಹಾಡು ನಿಲ್ಲಿಸಿತು. ವರ್ತಕ ಗಾಬರಿಯಾಗಿ ಬೇಡನಿಗೆ ಹೇಳಿಕಳುಹಿಸಿದ.

"ಏನು ರೋಗವಯ್ಯ ಇದಕ್ಕೆ?"

ಬೇಡ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದ. "ರೋಗವಿಲ್ಲ ಧಣಿ. ಕಾಡಿನಲ್ಲಿ ಇದು ಹಾಡಿ ಮುಗಿಸಿದರೆ ಹಗಲು ಬರುತ್ತಿತ್ತು. ನಿಮ್ಮಲ್ಲಿ ಹಾಡಿ ಮುಗಿಸಿದರೆ ಮತ್ತೆ ಕತ್ತಲೆಯೇ ಬರುತ್ತದೆ."

ವರ್ತಕನಿಗೆ ನಾಚಿಕೆಯಾಯಿತು. ಅಂದಿನಿಂದ ಪಂಜರಕ್ಕೆ ಬಟ್ಟೆ ಮುಚ್ಚಲಿಲ್ಲ. ಮರುದಿನ ನಿಜವಾದ ಬೆಳಗಾಯಿತು. ಹಕ್ಕಿ ಕಣ್ಣು ಬಿಟ್ಟು ನೋಡಿತು. ನಂಬಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಕೊಟ್ರಯ್ಯ, "ಪಾಪ, ಆ ಹಕ್ಕಿಯ ತಪ್ಪೇನು ಗುರುಗಳೇ?" ಎಂದ.

"ಹಕ್ಕಿಯದೇನೂ ತಪ್ಪಿಲ್ಲ ಕೊಟ್ರಯ್ಯ, ನಿನ್ನನ್ನು ಊರೂರಿಗೆ ಕಳುಹಿಸಿದವನು ನಾನು."