ಆವಿಗೆಯೊಳಗಿನ ಮಡಕೆಗಳು

"ಗುರುಗಳೇ, ನಾನಿಲ್ಲದಿದ್ದರೆ ಈ ಮಠಕ್ಕೆ ಏನು ಕಡಿಮೆಯಾದೀತು?"

ಹೀಗೆ ಕೇಳುವಾಗ ಕರಿಬಸವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಇಪ್ಪತ್ತು ಮಂದಿ ಶಿಷ್ಯರಲ್ಲಿ ಅವನೇ ಕೊನೆಯವನು. ಉಳಿದವರು ಶಾಸ್ತ್ರವನ್ನು ಅರೆದು ಕುಡಿದಿದ್ದರು; ಅವನ ತಲೆಯಲ್ಲಿ ಒಂದು ಸೂತ್ರವೂ ನಿಲ್ಲದು. ಊರಿಗೆ ಹೋಗಿಬಿಡುವುದೇ ಮೇಲು ಎನ್ನಿಸಿತ್ತು, ಹಾಗೆ ಎನ್ನಿಸಿದ್ದಕ್ಕೆ ಅಳುವೂ ಬಂದಿತ್ತು.

"ಹೋಗಪ್ಪ, ಬೇಡ ಎಂದವರಾರು? ಒಂದು ಕತೆ ಕೇಳಿಕೊಂಡು ಹೋಗು" ಎಂದರು ಗುರುಗಳು.

ಒಬ್ಬ ಕುಂಬಾರನಿದ್ದ. ಹೊಳೆಯಾಚೆಯ ಊರಿಗೆಂದು ಮಡಕೆ ಮಾಡಿ, ಆವಿಗೆಯಲ್ಲಿ ಮಣ್ಣು ಮೆತ್ತಿ ಮುಚ್ಚಿ ಸುಡಲು ಇಟ್ಟಿದ್ದ. ಅಡಿಯ ಸಾಲಿಗೆ ಹತ್ತೊಂಬತ್ತು, ಮೇಲೇರಿದಂತೆ ಸಾಲಿಗೊಂದು ಕಡಿಮೆ, ತುದಿಯಲ್ಲಿ ಒಂದೇ ಒಂದು. ಇದು ಅವನ ಅಜ್ಜನ ಕಾಲದ ಕಟ್ಟಳೆ. ಸುಟ್ಟು ಹೊರಬರುವ ತನಕ ಮಡಕೆ ಎಷ್ಟೆಂದು ಎಣಿಸಬಾರದು, ಎಣಿಸಿದರೆ ಬಿರುಕು ಬಿಡುತ್ತವೆ ಎಂಬುದು ಆ ಮನೆಯ ನಂಬಿಕೆ.

ಆವಿಗೆ ಇನ್ನೂ ಕೆಂಡವಾಗಿರುವಾಗಲೇ ಅಂಬಿಗ ಬಂದ. ಹೊಳೆ ಏರುತ್ತಿತ್ತು, ಮಾರನೆಯ ದಿನದ್ದೇ ಕೊನೆಯ ದೋಣಿ. "ಇನ್ನೂರರ ಮೇಲೆ ಒಂದು ಮಡಕೆ ಹತ್ತಿದರೂ ದೋಣಿ ಮುಳುಗುತ್ತದೆ. ನಿನ್ನವು ಎಷ್ಟು? ಈಗಲೇ ಹೇಳು. ಇಲ್ಲವಾದರೆ ಉಪ್ಪಿನವನಿಗೆ ಮಾತು ಕೊಡುತ್ತೇನೆ" ಎಂದ.

ಕುಂಬಾರ ಕಂಗಾಲಾದ. ದೋಣಿ ತಪ್ಪಿದರೆ ಮಳೆಗಾಲವೆಲ್ಲ ಮನೆಮಂದಿಗೆ ಗಂಜಿಯೂ ಇಲ್ಲ. ಬಾಯಲ್ಲೇ ಕೂಡಿಸಹೊರಟರೆ ನಾಲ್ಕನೆಯ ಸಾಲಿಗೇ ಲೆಕ್ಕ ತಪ್ಪಿತು. ಆವಿಗೆ ಒಡೆದೇ ನೋಡುತ್ತೇನೆಂದು ಕೋಲೆತ್ತಿದ. ಆ ಬಿಸಿಯಲ್ಲಿ ಗಾಳಿ ತಾಕಿದರೆ ಒಂದು ಮಡಕೆಯೂ ಉಳಿಯದು. ಅಯ್ಯೋ, ಆತುರಗಾರನಿಗೆ ಬುದ್ಧಿ ಮಟ್ಟ!

ಹೆಂಡತಿ ಅವನ ಕೈ ಹಿಡಿದಳು. "ತಡೀರಿ. ಎಣಿಸುವುದೇಕೆ? ಇಂಥದೇ ಇನ್ನೊಂದು ರಾಶಿಯನ್ನು ತಲೆಕೆಳಗು ಮಾಡಿ ಇದರ ಪಕ್ಕದಲ್ಲಿ ಇಟ್ಟಿದ್ದೇವೆ ಅಂದುಕೊಳ್ಳಿ. ಇಲ್ಲಿಯ ಹತ್ತೊಂಬತ್ತರ ಪಕ್ಕಕ್ಕೆ ಅಲ್ಲಿಯ ಒಂದು ಬರುತ್ತದೆ. ಹದಿನೆಂಟರ ಪಕ್ಕಕ್ಕೆ ಎರಡು. ಯಾವ ಸಾಲು ನೋಡಿದರೂ ಇಪ್ಪತ್ತೇ. ಹತ್ತೊಂಬತ್ತು ಸಾಲಿಗೆ ಮುನ್ನೂರ ಎಂಬತ್ತು. ನಮ್ಮದು ಅದರಲ್ಲಿ ಅರ್ಧ, ನೂರ ತೊಂಬತ್ತು."

ಅಂಬಿಗ ಬೆರಳು ಮಡಿಸಿ ಮಡಿಸಿ ನೋಡಿದ. "ಭಲೇ ತಾಯಿ! ದೋಣಿ ನಿಮ್ಮದೇ" ಎಂದು ಕೈಮುಗಿದ. ಕುಂಬಾರ ಕೋಲು ಬಿಸಾಡಿ, ಹೆಂಡತಿಯ ಮುಖವನ್ನೇ ನೋಡುತ್ತ ಹಿಗ್ಗಿ ಹೀರೇಕಾಯಿಯಾದ. ಇಷ್ಟು ವರ್ಷ ಮಣ್ಣು ತುಳಿದುಕೊಟ್ಟವಳು ಇವಳೇನಾ ಎಂದು ಅವನಿಗೆ ಬೆರಗು. ಮಾರನೆಯ ದಿನ ಮಡಕೆಗಳೆಲ್ಲ ಹೊಳೆ ದಾಟಿದವು.

ಕರಿಬಸವನ ಮುಖ ಅರಳಿತ್ತು. "ಎಂಥ ಜಾಣೆ, ಗುರುಗಳೇ! ಇಷ್ಟು ಚೆಂದದ ಲೆಕ್ಕ ನಾನು ಕೇಳಿಯೇ ಇರಲಿಲ್ಲ" ಎಂದ.

ಗುರುಗಳು ಅವನನ್ನೇ ನೋಡಿದರು.

"ಆ ಒಂದು ಬಂದು ಪಕ್ಕದಲ್ಲಿ ಕೂರದಿದ್ದರೆ, ನಿನ್ನ ಹತ್ತೊಂಬತ್ತು ಇಪ್ಪತ್ತಾಗುತ್ತಿತ್ತೇನಪ್ಪ?"