ಪಿ.ಬಿ. ಎಂದರೆ

ವೈದೇಹಿ ಹೆಬ್ಬಾರಳದು ಹೆಸರಾದ ಮನೆತನ. ಮುತ್ತಜ್ಜ ಶಾನುಭೋಗರು. ಅವರು ಬರೆದ ಲೆಕ್ಕಕ್ಕೆ ಮಾಗಣೆಯ ಅಷ್ಟೂ ಹಳ್ಳಿಗಳಲ್ಲಿ ಬೆರಳು ತೋರಿಸಿದವರಿಲ್ಲ. ಅಜ್ಜ ಮಂಗಳೂರಿನಲ್ಲಿ ‘ಹೆಬ್ಬಾರ್ ಮತ್ತು ಸಲ್ಡಾನಾ’ ಲೆಕ್ಕಪರಿಶೋಧನಾ ಸಂಸ್ಥೆ ಕಟ್ಟಿದವರು. ಮೊಮ್ಮಗಳು ಈಗ ಅಲ್ಲಿಯೇ ಕೆಲಸ ಕಲಿಯುತ್ತಿದ್ದಳು.

ಕಲಿಸುವ ಗುರು, ಅಜ್ಜನ ಜೊತೆಗಾರ ಸಲ್ಡಾನಾ. ವಯಸ್ಸು ಎಂಬತ್ತಾರು.

ಸಂಸ್ಥೆಗೆ ಅರವತ್ತು ತುಂಬುವುದಿತ್ತು. ಸ್ಮರಣ ಸಂಚಿಕೆಗೆ ಸ್ಥಾಪಕರ ಕಥೆಯನ್ನು ವೈದೇಹಿ ಬರೆದಿದ್ದಳು. ಸಂಜೆ ಐದಕ್ಕೆ ಪುಟ ಪ್ರೆಸ್ಸಿಗೆ ಹೋಗಬೇಕು. ನಾಲ್ಕಕ್ಕೆ ಗುರು ಕರೆಸಿದರು. ಪುಟವನ್ನು ಕೈಯಲ್ಲಿ ಹಿಡಿದೇ ಹೋದಳು.

“ಬಾಗಿಲು ಹಾಕು” ಎಂದರು. ಕೂರಲು ಹೇಳಲಿಲ್ಲ.

“ಬೆಳಿಗ್ಗೆ ಪದ್ಮಾವತಿ ಬಾಯಿ ಬಂದಿದ್ದರಂತೆ.”

“ಹೌದು ಸರ್. ಹಿಂದೆ ಇಲ್ಲಿ ಟೈಪಿಸ್ಟ್ ಆಗಿದ್ದರಂತೆ. ಸಂಸ್ಥೆ ಕಟ್ಟಿದವರಲ್ಲಿ ತಾನೂ ಒಬ್ಬಳು, ಹೆಸರು ಬರಬೇಕು ಅಂದರು.”

“ನೀನೇನಂದೆ?”

“ಆಧಾರವಿಲ್ಲದ್ದನ್ನು ಬರೆಯುವುದಿಲ್ಲ ಅಂದೆ. ನೀವೇ ಕಲಿಸಿದ ಪಾಠ.”

“ಅಷ್ಟೇ ಅಂದೆಯಾ?”

ವೈದೇಹಿ ತಡವರಿಸಿದಳು. “ಈ ವಯಸ್ಸಿನಲ್ಲಿ ಹೆಸರಿನ ಆಸೆಗೆ ಸುಳ್ಳು ಹೇಳಬಾರದು ಅಂದೆ.”

“ಯಾರ ಮುಂದೆ?”

“ಆಫೀಸಿನವರೆಲ್ಲ ಇದ್ದರು.”

ಗುರು ಹಳೆಯ ಕಡತವೊಂದನ್ನು ಮೇಜಿನ ಮೇಲಿಟ್ಟರು. ಸಂಸ್ಥೆಯ ಮೊದಲ ವರ್ಷದ ಕಾಗದಗಳು.

“ಇದನ್ನು ನೋಡಿದ್ದೀಯಾ?”

“ಒಂದೊಂದು ಹಾಳೆಯನ್ನೂ ನೋಡಿದ್ದೇನೆ. ಬರೆದವರ ಜಾಗದಲ್ಲಿ ಅಜ್ಜನ ಸಹಿ ಇದೆ, ಇಲ್ಲವೇ ನಿಮ್ಮದು. ಮೂರನೆಯವರದು ಎಲ್ಲಿಯೂ ಇಲ್ಲ.”

“ತಪಾಸಣೆ ಮಾಡಿದವರ ಜಾಗದಲ್ಲಿ?”

“ಪಿ.ಬಿ. ಅಂತಿದೆ.”

“ಹಾಗೆಂದರೆ?”

“ಪಾಸ್‌ಬುಕ್. ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆ ನೋಡಿದೆ ಅಂತ. ನಾವು ಈಗಲೂ ಹಾಗೇ ಬರೆಯುತ್ತೇವಲ್ಲ ಸರ್.”

ಗುರು ಒಂದು ಹಾಳೆ ತೆಗೆದು ಅವಳತ್ತ ತಿರುಗಿಸಿದರು. ಅದರಲ್ಲೂ ಪಿ.ಬಿ. ಎಂದಿತ್ತು.

“ಇದು ಯಾವ ಲೆಕ್ಕ? ಗಟ್ಟಿಯಾಗಿ ಓದು.”

“ಹೆಂಚಿನ ಕಾರ್ಖಾನೆಯ ದಾಸ್ತಾನು. ಒಡೆದ ಹೆಂಚುಗಳ ಪಟ್ಟಿ.”

“ಒಡೆದ ಹೆಂಚು ಯಾವ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರುತ್ತದೆ, ತಾಯಿ?”

ವೈದೇಹಿ ಆ ಎರಡು ಅಕ್ಷರಗಳನ್ನು ಮತ್ತೆ ನೋಡಿದಳು.

“ಪದ್ಮಾವತಿ ಬಾಯಿ” ಎಂದಳು.

“ನಾವಿಬ್ಬರೂ ಬರೆಯುತ್ತಿದ್ದೆವು. ತಪ್ಪು ಹಿಡಿಯುತ್ತಿದ್ದವರು ಅವರು. ಸಿ.ಎ. ಪರೀಕ್ಷೆ ಪಾಸಾಗಿರಲಿಲ್ಲ, ಬೋರ್ಡಿನಲ್ಲಿ ಹೆಸರು ಹಾಕುವಂತಿರಲಿಲ್ಲ. ಶುರು ಮಾಡಿದ್ದು ಮಾತ್ರ ಮೂವರೂ ಸೇರಿಯೇ.”

ಅವಳ ಮುಖ ಕೆಂಪಾಯಿತು. “ಅಜ್ಜ ಒಮ್ಮೆಯೂ ಹೇಳಲಿಲ್ಲ. ನೀವೂ ಹೇಳಲಿಲ್ಲ.”

“ಹೇಳಲಿಲ್ಲ. ಅದಕ್ಕೇ ಮಧ್ಯಾಹ್ನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.”

ವೈದೇಹಿ ಗಡಿಯಾರ ನೋಡಿದಳು. “ಪುಟ ತಿದ್ದುತ್ತೇನೆ ಸರ್. ಮೂರನೆಯ ಹೆಸರು ಸೇರಿಸಿಬಿಡುತ್ತೇನೆ. ಐದರೊಳಗೆ ಮುಗಿಯುತ್ತದೆ.”

ಗುರು ಅವಳ ಕೈಯಿಂದ ಪುಟ ತೆಗೆದುಕೊಂಡು ಬೋರಲು ಹಾಕಿದರು.

“ಪ್ರೆಸ್ಸು ಕಾಯಲಿ. ಅವರನ್ನು ಕರೆತಂದಿದ್ದೇನೆ. ಬೆಳಿಗ್ಗೆ ಇದ್ದವರೆಲ್ಲ ಹೊರಗೇ ಇದ್ದಾರೆ. ಹೋಗಿ ಕ್ಷಮೆ ಕೇಳು.”