ಗೇಣೆತ್ತರದ ಹೊಸ್ತಿಲು

ಎರೆಮಣ್ಣಿನ ಸೀಮೆಯ ಒಂದೂರಿನಲ್ಲಿ ಫಕೀರಗೌಡರು ಎಂಬ ಪಂಚಾಯ್ತಿ ಅಧ್ಯಕ್ಷರಿದ್ದರು. ಊರಿನ ಹೆಸರು ಮಾತ್ರ ಕೇಳಬೇಡಿ ಮಕ್ಕಳೇ. ಹೇಳಿದರೆ ಗೌಡರು ಫೋನ್ ಮಾಡಿ, "ಆ ಧೋತರದ ಸಂಗತಿ ಯಾಕ ಬರದ್ರಿ?" ಎಂದು ಜಗಳ ತೆಗೆಯುತ್ತಾರೆ. ಧೋತರದ ಸಂಗತಿ ಮುಂದೆ ಬರುತ್ತದೆ.

ಗೌಡರು ಒಳ್ಳೆಯವರು. ಲಂಚ ಮುಟ್ಟುವವರಲ್ಲ, ಸುಳ್ಳು ಹೇಳುವವರಲ್ಲ. ಅವರಿಗೆ ಇದ್ದದ್ದು ಒಂದೇ ಒಂದು ಚಟ. ಯಾರಿಗೆ ಏನು ಬೇಕು ಎಂಬುದನ್ನು ಅವರನ್ನು ಕೇಳದೆ ತಾವೇ ತೀರ್ಮಾನ ಮಾಡಿಬಿಡುತ್ತಿದ್ದರು. ಒಂದು ವರ್ಷ ಊರಿನ ಬಡ ಮುದುಕರಿಗೆಲ್ಲ ಕಂಬಳಿ ಹಂಚಿದರು. ಹಂಚಿದ್ದು ಏಪ್ರಿಲ್ ತಿಂಗಳಲ್ಲಿ. ಮುದುಕರು ಕಂಬಳಿ ಹಿಡಿದುಕೊಂಡು ಬೆವರು ಒರೆಸಿಕೊಳ್ಳುತ್ತ ಫೋಟೋ ತೆಗೆಸಿಕೊಂಡರು.

ಪಂಚಾಯ್ತಿಗೆ ಬರುವ ದುಡ್ಡಿನಲ್ಲಿ ಒಂದು ಪಾಲನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ಈ ಸಲ ಗೌಡರು ಆ ಪಾಲಿನಲ್ಲಿ ಎರಡು ಕೆಲಸ ಮಾಡಿದರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಮಳಿಗೆ ಕಟ್ಟಿಸಿದರು. ಆಮೇಲೆ ಪಂಚಾಯ್ತಿ ಕಚೇರಿಯ ಮೆಟ್ಟಿಲುಗಳ ಪಕ್ಕಕ್ಕೆ ಸಿಮೆಂಟಿನ ಇಳಿಜಾರು ಹಾದಿ ಹಾಕಿಸಿದರು. ಪಕ್ಕಕ್ಕೆ ಕಂಬಿ, ಕಂಬಿಗೆ ನೀಲಿ ಬಣ್ಣ. ಬಣ್ಣ ಒಣಗುವ ಮೊದಲೇ ಊರ ಹೆಂಗಸರು ಇಳಿಜಾರಿನ ಮೇಲೆ ಮೆಣಸಿನಕಾಯಿ ಒಣಹಾಕಿದರು. ಗೌಡರು ದಿನಾ ಬೆಳಿಗ್ಗೆ ಬಂದು, "ಇದು ಮೆಣಸಿನಕಾಯಿಗೆ ಮಾಡಿಸಿದ್ದಲ್ರವ್ವಾ!" ಎಂದು ಕೂಗಾಡುತ್ತಿದ್ದರು.

ಮತ್ತೆ ಯಾರಿಗೆ ಮಾಡಿಸಿದ್ದು? ಕಳಕವ್ವನಿಗೆ.

ಕಳಕವ್ವನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲು ಬಿದ್ದುಹೋಗಿದ್ದವು. ಈಗ ಅವಳಿಗೆ ಮೂವತ್ತೆರಡು ವರ್ಷ. ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿ ಅವಳ ಕಾಲು. ತಾಯಿ ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಬಡಿಯುತ್ತಿದ್ದಳು. ಮಗಳು ಅದನ್ನು ಬುಟ್ಟಿಗೆ ತುಂಬಿಕೊಂಡು ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಮಾರುತ್ತಿದ್ದಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಅವಳ ರೊಟ್ಟಿ ಮುರಿದರೆ ಟಪ್ ಎಂಬ ಸದ್ದು ಬಸ್ಸಿನೊಳಗೆ ಕೂತವರಿಗೂ ಕೇಳಬೇಕು.

ಆದರೆ ಮಳೆಗಾಲದಲ್ಲಿ ಆ ಸದ್ದು ಬರುವುದಿಲ್ಲ. ತಂಪು ಗಾಳಿಗೆ ಕಡಕ್ ರೊಟ್ಟಿ ಮೆತ್ತಗಾಗುತ್ತದೆ, ಮೆತ್ತಗಾದ ರೊಟ್ಟಿಯನ್ನು ಯಾರೂ ಕೊಳ್ಳುವುದಿಲ್ಲ. ಹೋದ ಮಳೆಗಾಲದಲ್ಲಿ ತಾಯಿ ಮಗಳು ಮಾರಾಟವಾಗದ ರೊಟ್ಟಿಯನ್ನೇ ಮೂರು ಹೊತ್ತೂ ತಿಂದಿದ್ದರು. ಹಾಗಾಗಿ ಬಸ್ ಸ್ಟ್ಯಾಂಡಿನ ಮಳಿಗೆ ಅವಳಿಗೆ ಬೇಕೇ ಬೇಕಿತ್ತು. ಅರ್ಜಿ ಹಾಕಿದ್ದಳು. ಅರ್ಜಿ ಪಾಸಾಗಿತ್ತು. ಇನ್ನೊಂದೇ ಕೆಲಸ ಬಾಕಿ. ಗೊತ್ತು ಮಾಡಿದ ದಿನ ಸಂಜೆ ಐದು ಗಂಟೆಯೊಳಗೆ ಅರ್ಜಿದಾರಳು ಪಂಚಾಯ್ತಿ ಸಭಾಂಗಣದೊಳಗೆ ಖುದ್ದಾಗಿ ಬಂದು ಎಲ್ಲರೆದುರು ಸಹಿ ಹಾಕಬೇಕು. ಬರದಿದ್ದರೆ ಮಳಿಗೆಯ ಮಾತು ಮುಂದಿನ ವರ್ಷಕ್ಕೆ. ಮಳೆಗಾಲಕ್ಕೆ ಉಳಿದದ್ದು ಹದಿನೈದು ದಿನ.

ಗೌಡರು ಅದೇ ದಿನ ಬೆಳಿಗ್ಗೆ ಇಳಿಜಾರಿನ ಉದ್ಘಾಟನೆಯನ್ನೂ ಇಟ್ಟುಕೊಂಡರು. ಕಂಬಿಗೆ ಮಾವಿನ ತೋರಣ ಕಟ್ಟಿಸಿದರು. ಟೇಪು ಕತ್ತರಿಸಿದರು. ಊರವರು ಚಪ್ಪಾಳೆ ಹೊಡೆದರು.

"ಬಾ ಕಳಕವ್ವ, ನೀನ ಮೊದಲು ಏರು!" ಎಂದರು ಗೌಡರು.

ಕಳಕವ್ವ ರೊಟ್ಟಿಬುಟ್ಟಿಯ ಸಮೇತ ಗಾಡಿ ತಿರುಗಿಸುತ್ತ ಸರಸರ ಏರಿದಳು. ಮೇಲೆ ಬಂದಳು. ಬಾಗಿಲಿಗೆ ಬಂದಳು. ಅಲ್ಲಿ ಮುಂದಿನ ಗಾಲಿ ಢಬ್ ಎಂದು ನಿಂತಿತು.

ಎದುರಿಗೆ ಹೊಸ್ತಿಲು.

ಆ ಕಚೇರಿ ಮೊದಲು ಊರಿನ ಚಾವಡಿಯಾಗಿತ್ತು. ಅದರ ಹೊಸ್ತಿಲನ್ನು ಗೌಡರ ಅಜ್ಜ ಸಾಗವಾನಿಯಲ್ಲಿ ಮಾಡಿಸಿ ಕೊಟ್ಟಿದ್ದರು. ಪೂರಾ ಒಂದು ಗೇಣು ಎತ್ತರ. ಶುಕ್ರವಾರಕ್ಕೊಮ್ಮೆ ಅದಕ್ಕೆ ಅರಿಸಿನ ಕುಂಕುಮ, ಹೂವು. ಒಳಗೆ ಹೋಗುವವರೆಲ್ಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತುಳಿಯದೆ, ಕಾಲೆತ್ತಿ ದಾಟುತ್ತಿದ್ದರು. ಇಳಿಜಾರು ಕಟ್ಟಿದ ಮೂರು ತಿಂಗಳೂ ಗೌಡರು ದಿನಕ್ಕೆ ಹತ್ತು ಸಲ ಅದನ್ನು ದಾಟಿದ್ದರು. ಒಂದು ಸಲವೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಹೊಸ್ತಿಲು ಕೊಡಲಿಲ್ಲ.

ಗೌಡರು ನಕ್ಕುಬಿಟ್ಟರು. "ಇದೇನ್ ದೊಡ್ಡ ಮಾತು? ಏ, ನಾಕು ಮಂದಿ ಬರ್ರಿ. ಗಾಡಿ ಸಮೇತ ಎತ್ತಿ ಒಳಗ ಇಡೂಣು."

ನಾಲ್ಕು ಜನ ತೋಳು ಮಡಚಿ ಬಂದರು. ಕಳಕವ್ವ ಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ್ರಿ ಗೌಡ್ರ. ನಾ ಏನ್ ಜ್ವಾಳದ ಚೀಲ ಅಲ್ಲ."

"ಅಯ್ಯ, ಪ್ರೀತಿಲೆ ಎತ್ತತಾರವ್ವ."

"ಪ್ರೀತಿಲೆ ಅಂತ ನನಗೂ ಗೊತ್ತೈತ್ರಿ. ಆದ್ರ ಎತ್ತಿದಾಗೆಲ್ಲ ಯಾರ ಯಾರದೋ ಕೈ ಮೈಮ್ಯಾಲೆ ಬೀಳತಾವು. ಸೀರಿ ಸರೀತೈತಿ. ಮಂದಿ ನಗತಾರ, ನಾನೂ ನಕ್ಕೊಂಡು ಮನಿಗೆ ಹೋಗಿ ಅಳತೀನಿ. ಇವತ್ತ ನನ್ನ ಅಂಗಡಿ ದಿನ. ಇವತ್ತರ ನಾನಾಗೇ ಒಳಗ ಬರಬೇಕ್ರಿ."

ಅವಳ ತಾಯಿ ಓಡಿಬಂದು ಮಗಳ ಭುಜ ಹಿಡಿದಳು. "ಒಂದ ಸಲ ಎತ್ತಿಸ್ಕೋ ನನ್ನವ್ವಾ. ಮಳಿಗಾಲ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡ್ಕೋಬ್ಯಾಡ."

ಕಳಕವ್ವನ ಕಣ್ಣು ತುಂಬಿತು. ಮೆತ್ತಗಾದ ರೊಟ್ಟಿ ಅವಳಿಗೆ ಮರೆತಿರಲಿಲ್ಲ. ಆದರೂ ಹಿಡಿ ಬಿಡಲಿಲ್ಲ.

ಪಂಚಾಯ್ತಿಯ ಅಧಿಕಾರಿ ಪಿಡಿಒ ಮೇಡಂ ಸಹಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಳಗೆ ನಿಂತಿದ್ದರು. ಅವರಿಗೂ ಸಂಕಟ. "ಪುಸ್ತಕ ಹೊರಗ ತರಬಹುದಿತ್ತು. ಆದ್ರ ಸಭಾಂಗಣದ ಒಳಗ ಅಂತ ಬರದಾರ. ನಾಳೆ ಯಾರರ ತಕರಾರು ತಗದ್ರ ಮಳಿಗಿನೇ ಹೋಗತೈತಿ," ಎಂದರು.

ಆಗ ಕಳಕವ್ವ ಕಣ್ಣೊರೆಸಿಕೊಂಡಳು. ಎರಡೂ ಕೈ ಊರಿ ಗಾಡಿಯಿಂದ ಪಕ್ಕದ ಕಟ್ಟೆಗೆ ಸರಿದು ಕೂತಳು. "ಗೌಡ್ರ, ಒಂದ ಕೆಲಸ ಮಾಡ್ರಿ. ಈ ಗಾಡ್ಯಾಗ ನೀವು ಕುಂದ್ರಿ. ಕೆಳಗಿಂದ ಬರ್ರಿ. ನೀವು ಒಳಗ ಹ್ವಾದ್ರ ನಾನೂ ಸುಮ್ನ ಎತ್ತಿಸ್ಕೋತೀನಿ."

"ಅಷ್ಟ ಅಲ್ಲೇನು?" ಎಂದು ಗೌಡರು ಮೀಸೆ ತಿರುವಿದರು.

ಗೌಡರದು ಭಾರಿ ದೇಹ. ಗಾಡಿ ಕಿರ್ರ್ ಎಂದಿತು. ಇಳಿಜಾರು ಏರುವಷ್ಟರಲ್ಲಿ ಅವರ ಮುಖ ಅಲ್ಲಿ ದಿನಾ ಒಣಗುತ್ತಿದ್ದ ಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. ಹೊಸ್ತಿಲಿಗೆ ಢಬ್ ಎಂದು ಬಡಿದು ನಿಂತರು. ಹಿಂದೆ ಸರಿದು ಇನ್ನೊಮ್ಮೆ ಗುದ್ದಿದರು. ಮತ್ತೆ ಢಬ್. ಮೂರನೆಯ ಸಲಕ್ಕೆ ರೂಢಿಯಂತೆ ಎದ್ದು ದಾಟಲು ಕಾಲು ಕೆಳಗಿಟ್ಟರು.

"ಹಾಂ ಹಾಂ! ಕಾಲು ನಿಮ್ಮವಲ್ರೀ ಗೌಡ್ರ!" ಎಂದು ಕಳಕವ್ವ ಕಟ್ಟೆಯಿಂದಲೇ ಕೂಗಿದಳು. ಊರೆಲ್ಲ ಗೊಳ್ಳೆಂದಿತು.

ಗೌಡರು ಕಾಲು ಮೇಲೆತ್ತಿಕೊಂಡರು. ಸೋಲೊಪ್ಪುವ ಜಾತಿ ಅವರದಲ್ಲ. "ಸರಿ. ಎತ್ರಿ ನನ್ನ," ಎಂದರು. ನಾಲ್ಕು ಜನ ಸಾಲದೆ ಆರು ಜನ ಬಂದರು. ಒಬ್ಬ ಕಂಕುಳಿಗೆ ಕೈ ಹಾಕಿದ. ಒಬ್ಬ ತೊಡೆ ಹಿಡಿದ. ಮತ್ತೊಬ್ಬ ಹಿಡಿಯಲು ಜಾಗ ಸಿಗದೆ ಧೋತರವನ್ನೇ ಹಿಡಿದ. ಗಾಡಿ ಒಂದು ಕಡೆ ವಾಲಿತು. ಧೋತರ ಇನ್ನೊಂದು ಕಡೆ ಹೊರಟಿತು. ಗೌಡರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು, "ಇಳಸ್ರಲೇ! ಇಳಸ್ರಿ ನನ್ನ!" ಎಂದು ಕಿರುಚಿದರು.

ಇಳಿಸಿದರು. ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಗೌಡರೂ ನಗಲು ನೋಡಿದರು, ನಗು ಬರಲಿಲ್ಲ. ಐವತ್ತೆಂಟು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಹಿಡಿದಿರಲಿಲ್ಲ. ಅವರಿಗೆ ನಾಚಿಕೆಯಾಗಿತ್ತು, ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕಟ್ಟೆಯ ಕಡೆ ನೋಡಿದರು. ಅಷ್ಟು ಜನರಲ್ಲಿ ಕಳಕವ್ವ ಒಬ್ಬಳೇ ನಗುತ್ತಿರಲಿಲ್ಲ.

"ಇಷ್ಟ ದಿವಸ ನಿನಗ ಹಿಂಗ ಆಗತಿತ್ತೇನ ತಂಗಿ?" ಎಂದರು ಗೌಡರು ಸಣ್ಣ ದನಿಯಲ್ಲಿ.

"ಹೂನ್ರಿ."

"ಮತ್ತ ಒಂದ ಮಾತು ಹೇಳಬಾರದಾ?"

"ನೀವು ಒಂದ ಮಾತು ಕೇಳಬಾರದಾ?"

ಗೌಡರು ಗಾಡಿಯಿಂದ ಇಳಿದರು. ಧೋತರ ಬಿಗಿದರು. ಬಡಿಗೇರ ಮೌನೇಶಪ್ಪನನ್ನು ಕರೆಸಿದರು. ಆದರೆ ಅವನು ಉಳಿ ಹಿಡಿದು ಬಂದಾಗ ಅವರ ಎದೆ ಅಳುಕಿತು. "ಮೌನೇಶಪ್ಪ, ಅಜ್ಜ ಕೂಡಿಸಿದ ಹೊಸ್ತಲ. ಲಕ್ಷ್ಮಿ ಇರೂ ಜಾಗ. ಕಡದು ಒಗ್ಯಾಕ ನನಗ ಮನಸ್ಸಿಲ್ಲ. ಏನ್ ಮಾಡೂದು?"

ಮೌನೇಶಪ್ಪ ಕೂತು ಹೊಸ್ತಿಲನ್ನು ಒಂದು ಸಲ ಸವರಿದ. "ಮಾಡಿಸಿದಾತ ನಿಮ್ಮಜ್ಜ. ಮಾಡಿದಾತ ನಮ್ಮಜ್ಜ. ಕಡ್ಯಾಕ ನನಗೂ ಮನಸ್ಸಿಲ್ಲ. ಕೆಳಗ ಕಲ್ಲು ಅಗದು ಇದನ್ನ ನೆಲದ ಮಟ್ಟಕ್ಕ ಇಳಸತೀನಿ. ಹೊಸ್ತಲ ಇದ್ದಲ್ಲೇ ಇರತೈತಿ, ಗಾಲಿ ಹಾಯತೈತಿ."

"ಲಕ್ಷ್ಮಿ ಮ್ಯಾಲೆ ಗಾಲಿನಾ?"

"ಆಯುಧಪೂಜಿಗೆ ಟ್ರ್ಯಾಕ್ಟರ್ ಗಾಲಿಗೆ ಕುಂಕುಮ ಹಚ್ಚತೀರಿ, ಈ ಗಾಲಿ ಏನ್ ಪಾಪ ಮಾಡೇತ್ರಿ? ಮತ್ತ ಲಕ್ಷ್ಮಿ ಹೊಸ್ತಲದಾಗ ಕುಂದ್ರಾಕ ಬರಂಗಿಲ್ಲ ಗೌಡ್ರ. ಹೊಸ್ತಲ ದಾಟಿ ಒಳಗ ಬರಾಕ ಬರ್ತಾಳ."

ಗೌಡರು ಕಟ್ಟೆಯ ಮೇಲೆ ಕಳಕವ್ವನ ಪಕ್ಕ ಹೋಗಿ ಕೂತರು. "ಇಳಸು. ಅದು ಇಳಿಯೂತನಾ ನಾನೂ ಒಳಗ ಹೋಗಂಗಿಲ್ಲ."

ಉಳಿಯ ಸದ್ದು ಶುರುವಾಯಿತು. ನಗಲು ಬಂದವರು ಕಲ್ಲು ಹೊರಲು ನಿಂತರು. ಮಧ್ಯಾಹ್ನವಾಯಿತು, ಎಲ್ಲರಿಗೂ ಹಸಿವಾಯಿತು. ಕಳಕವ್ವ ಬುಟ್ಟಿ ಬಿಚ್ಚಿದಳು. ಅವಳ ತಾಯಿ ಮನೆಗೆ ಓಡಿ ಶೇಂಗಾ ಚಟ್ನಿ, ಮೊಸರು ತಂದಳು. ಟಪ್ ಟಪ್ ಎಂದು ರೊಟ್ಟಿ ಮುರಿಯುವ ಸದ್ದಿನಲ್ಲಿ ಉಳಿಯ ಸದ್ದೇ ಕೇಳದಾಯಿತು. ಮೂರು ಗಂಟೆಗೆಲ್ಲ ಬುಟ್ಟಿ ಖಾಲಿ.

ನಾಲ್ಕೂವರೆಗೆ ಮೌನೇಶಪ್ಪ ಎದ್ದು ಬೆನ್ನು ನೆಟ್ಟಗೆ ಮಾಡಿದ. ಹೊಸ್ತಿಲು ನೆಲಕ್ಕೆ ನೆಲವಾಗಿ ಕೂತಿತ್ತು. ಕಳಕವ್ವನ ತಾಯಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಕಳಕವ್ವ ಮತ್ತೆ ಗಾಡಿಗೆ ಸರಿದು ಕೂತು, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆ ಹೊಸ್ತಿಲನ್ನು ಎಷ್ಟೋ ಸಲ ಎತ್ತಿಸಿಕೊಂಡು ದಾಟಿದ್ದಳು, ಎಲ್ಲರಂತೆ ಮುಟ್ಟಿ ದಾಟುವುದು ಅದೇ ಮೊದಲು. ಆಮೇಲೆ ಹಿಡಿ ತಿರುಗಿಸಿದಳು. ಗಾಲಿ ಮೆಲ್ಲಗೆ ದಾಟಿತು. ಒಂದು ಕೈಯೂ ಅವಳ ಮೈ ಮುಟ್ಟಲಿಲ್ಲ. ಪಿಡಿಒ ಮೇಡಂ ಪುಸ್ತಕ ಬಿಚ್ಚಿದರು. ಕಳಕವ್ವ ಸಹಿ ಹಾಕಿದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಈಗ ಅವಳೂ ನಕ್ಕಳು. ಆ ನಗು ಬಸ್ ಸ್ಟ್ಯಾಂಡಿಗೂ ಕೇಳಿತು.

ಹೊಸ್ತಿಲು ಇಳಿದ ಮೇಲೆ ಬಾಗಿಲ ಕೆಳಗೆ ಗೇಣು ಸಂದಿ ಉಳಿದಿತ್ತು. ಮರುದಿನ ಮೌನೇಶಪ್ಪ ಹಲಗೆ ಜೋಡಿಸುವ ತನಕ ಊರ ಕೋಳಿಗಳೂ ಪಂಚಾಯ್ತಿಗೆ ಹಾಜರಿ ಹಾಕಿದವು. ಅದು ಬಿಡಿ. ಮುಂದಿನ ಗ್ರಾಮಸಭೆಗೆ ಯಾರು ಬಂದರು ಗೊತ್ತೇ? ಕೋಲೂರಿಕೊಂಡು ಹನ್ನೊಂದು ಜನ ಮುದುಕ ಮುದುಕಿಯರು. ಅವರಲ್ಲಿ ಮುಂದಿದ್ದವಳು ಗೌಡರ ತಾಯಿ.

ಗೌಡರು ಬೆರಗಾದರು. "ಯವ್ವಾ, ಆರು ವರ್ಷದಾಗ ಒಂದ ಸಭೆಗೂ ಬರಲಿಲ್ಲ ನೀನು. ನಿನಗ ಇದೆಲ್ಲ ಬ್ಯಾಡಾಗೈತಿ ಅಂತ ತಿಳಕೊಂಡಿದ್ದೆ."

"ಬ್ಯಾಡಂತ ಯಾರ್ ಹೇಳಿದ್ರು?" ಎಂದಳು ಮುದುಕಿ. "ಮೊಣಕಾಲು ಅಷ್ಟು ಮ್ಯಾಲೆ ಏಳತಿರಲಿಲ್ಲ. ನೀ ಯಾವಾಗ ಕೇಳಿದ್ದಿ?"

ಮುದುಕಿ ಕೂತ ಕೂಡಲೇ ಮೊದಲು ಎತ್ತಿದ ಮಾತು ಏಪ್ರಿಲ್ ತಿಂಗಳ ಕಂಬಳಿಯದು.

ಇಷ್ಟಕ್ಕೆ ಕತೆ ಮುಗಿಯಿತು ಎಂದುಕೊಂಡಿರಾ? ಕಳಕವ್ವ ಮಳಿಗೆಯ ಬೀಗದ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುವ ದಿನ ಗೌಡರು ದಾರಿಯಲ್ಲೇ ಅವಳನ್ನು ಅಡ್ಡಹಾಕಿದರು. ಮುಖ ಸಪ್ಪಗಿತ್ತು. ಅಂಗವಿಕಲರಿಗೆಂದು ತಾವೇ ನಿಂತು ಕಟ್ಟಿಸಿದ ಆ ಮಳಿಗೆಗೆ ಮೂರು ಮೆಟ್ಟಿಲು ಇಡಿಸಿದ್ದು ಅವರಿಗೆ ಅಂದು ಬೆಳಿಗ್ಗೆಯಷ್ಟೇ ನೆನಪಾಗಿತ್ತು. ಬಡಿಗೇರನೂ ಗಾರೆ ಕೆಲಸದ ಗೌಂಡಿಯೂ ಆಗಲೇ ಬಂದು ಮಳಿಗೆಯ ಮುಂದೆ ನಿಂತಿದ್ದರು. ಗೌಡರು ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ, ಧೋತರದ ಮೇಲೆ, ಬಿಗಿಯಾಗಿ ಕಟ್ಟಿಕೊಂಡರು. ಆಮೇಲೆ ಕೇಳಿದರು.

"ಕಳಕವ್ವ, ನಿನ್ನ ಗಾಡಿ ಒಂದ್ ತಾಸು ಕೊಡತೀಯೇನವ್ವಾ?"

ನೀತಿ: ಕೊಡುವ ಕೈ ದೊಡ್ಡದಿದ್ದರೆ ಸಾಲದು, ಕೇಳುವ ಕಿವಿಯೂ ಬೇಕು. ಯಾರಿಗಾಗಿ ಕೆಲಸ ಮಾಡುತ್ತೇವೋ ಮೊದಲು ಅವರನ್ನೇ ಕೇಳಬೇಕು. ಒಳಗೆ ಬರಲಾಗದವರನ್ನು ಎತ್ತಿ ತರುವುದು ಬರೀ ಉಪಕಾರ. ಅವರು ತಾವಾಗಿಯೇ ಬರುವಂತೆ ನಮ್ಮ ಹೊಸ್ತಿಲನ್ನು ತಗ್ಗಿಸುವುದು ಮರ್ಯಾದೆ.